ಅಪ್‌ಡೇಟ್ ಬಂತು, ಈಗಲೇ ಹಾಕೋದಾ?

ಸರ್ಕಾರಿ ಸೇವೆಗಳ ಅರ್ಜಿ ತುಂಬಿಕೊಡುವ ಬದಿಯಡ್ಕದ ಅಕ್ಷಯ ಕೇಂದ್ರವಾಗಲಿ, ಪೆರ್ಲದ ಶಾಲೆಯ ಲ್ಯಾಬ್ ಆಗಲಿ, ಅಪ್‌ಡೇಟ್ ಸಿದ್ಧವಾಗಿದೆ ಎಂದು ಪರದೆಯ ಮೂಲೆಯಲ್ಲಿ ಕಂಡರೆ ಕೆಲವರು ಕೂಡಲೇ ಒತ್ತಿಬಿಡುತ್ತಾರೆ, ಕೆಲವರು ತಿಂಗಳುಗಟ್ಟಲೆ ಮುಂದೆ ಹಾಕುತ್ತಾರೆ. ಎರಡೂ ಸರಿಯಲ್ಲ. ಬಂದಿರುವುದು ಎಂಥ ಅಪ್‌ಡೇಟ್ ಎಂದು ಮೊದಲು ನೋಡಬೇಕು. ಭದ್ರತೆಯ ತೂತು ಮುಚ್ಚುವ ಪ್ಯಾಚ್ ಬೇರೆ, ಹೊಸ ಸೌಲಭ್ಯ ತರುವ ದೊಡ್ಡ ಆವೃತ್ತಿ ಬೇರೆ.

ಪ್ಯಾಚ್ ವಿಷಯದಲ್ಲಿ ಒಂದು ಮಾತು ಸರಿಯಾಗಿ ಮನಸ್ಸಿಗೆ ಹೋಗಬೇಕು. ಪ್ಯಾಚ್ ಹೊರಬಂದ ದಿನ ಅದು ಕಳ್ಳರ ಕೈಗೂ ಸಿಗುತ್ತದೆ. ಅವರು ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಬದಲಾಗಿದೆ ಎಂದು ಹುಡುಕುತ್ತಾರೆ. ಬದಲಾದ ಜಾಗದಲ್ಲೇ ತೂತು ಇತ್ತು ಅಂತ ಗೊತ್ತಾಗುತ್ತದಲ್ವಾ? ಹಾಗಾಗಿ ಪ್ಯಾಚ್ ಹಾಕದ ಕಂಪ್ಯೂಟರಿಗೆ ಅದು ಬಂದ ಮೇಲೆಯೇ ಅಪಾಯ ಜಾಸ್ತಿ.

ಫೈಲುಗಳಿಗೆ ಬೀಗ ಜಡಿದು ಹಣ ಕೇಳಿದ ವಾನ್ನಕ್ರೈ ದಾಳಿ ನೋಡಿ. ಮೈಕ್ರೋಸಾಫ್ಟ್ 2017ರ ಮಾರ್ಚ್ 14ಕ್ಕೆ ಪ್ಯಾಚ್ ಕೊಟ್ಟಿತ್ತು. ಆ ತೂತಿನೊಳಗೆ ನುಗ್ಗುವ ಸಾಧನ ಏಪ್ರಿಲ್‌ನಲ್ಲಿ ಸೋರಿಹೋಯಿತು. ಮೇ 12ಕ್ಕೆ ದಾಳಿ. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳುಹಿಸಬೇಕಾಯಿತು. ನಮ್ಮ ಕೇರಳದಲ್ಲೂ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯತ್ ಕಚೇರಿ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಮದ್ದು ಎರಡು ತಿಂಗಳ ಹಿಂದೆಯೇ ಬಂದಿತ್ತು, ಹಾಕಿರಲಿಲ್ಲ, ಅಷ್ಟೇ. ಆದ್ದರಿಂದ ಭದ್ರತೆಯ ಪ್ಯಾಚ್ ಕೆಲವೇ ದಿನಗಳಲ್ಲಿ ಹಾಕಿ. ಈ ತೂತನ್ನು ಈಗಾಗಲೇ ಬಳಸಿ ದಾಳಿ ನಡೆಯುತ್ತಿದೆ ಎಂದು ವಿವರದಲ್ಲಿ ಬರೆದಿದ್ದರೆ ಅವತ್ತೇ ಹಾಕಿ.

ದೊಡ್ಡ ಆವೃತ್ತಿಗೆ ಈ ಅವಸರ ಬೇಡ. ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್ 2018ರ ಅಕ್ಟೋಬರ್ 2ಕ್ಕೆ ಬಂತು. ಕೆಲವರ ಫೈಲುಗಳೇ ಅಳಿಸಿಹೋದವು. ನಾಲ್ಕೇ ದಿನಕ್ಕೆ ಅದನ್ನು ನಿಲ್ಲಿಸಿ, ಸರಿಮಾಡಿ ನವೆಂಬರ್ 13ಕ್ಕೆ ಮತ್ತೆ ಕೊಟ್ಟರು. ಸುಮ್ನೆ ಒಂದು ವಾರ ಕಾದವರಿಗೆ ಏನೂ ಆಗಲಿಲ್ಲ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್‌ನ ಒಂದು ರೂಪ ಉಬುಂಟು. ಅದನ್ನು ಮಾಡಿದವರಂತೂ ತಾವೇ ಕಾಯಿಸುತ್ತಾರೆ. ಅದರ 24.04 ಆವೃತ್ತಿ ಬಂದದ್ದು 2024ರ ಏಪ್ರಿಲ್‌ನಲ್ಲಿ. ಆದರೆ ಹಳೆಯ 22.04 ಇದ್ದವರಿಗೆ ಮೇಲೇರುವ ಸೂಚನೆ ಬಂದದ್ದು, ತಪ್ಪು ತಿದ್ದಿದ 24.04.1 ಆಗಸ್ಟ್‌ನಲ್ಲಿ ಬಂದಮೇಲೆಯೇ. ಕೇರಳದ ಶಾಲೆಗಳಲ್ಲಿರುವ ಕೈಟ್ ಲಿನಕ್ಸ್ ಉಬುಂಟುವಿನ ಮೇಲೆಯೇ ಕಟ್ಟಿದ್ದು, ಹಾಗಾಗಿ ಲ್ಯಾಬಿನಲ್ಲಿ ಕಲಿಯುವವರು ಈ ಲೆಕ್ಕ ತಿಳಿದಿರುವುದು ಒಳ್ಳೆಯದು.

ಹಾಗಂತ ಭದ್ರತೆಗೆಂದು ಬರುವುದೆಲ್ಲ ನಿರಪಾಯ ಅಲ್ಲ. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಎಲ್ಲ ಕಡೆಗೂ ಒಟ್ಟಿಗೆ ಕಳಿಸಿದ್ದೇ ನಷ್ಟ ಇಷ್ಟು ದೊಡ್ಡದಾಗಲು ಕಾರಣ. ನಿಮ್ಮಲ್ಲಿ ಹತ್ತಾರು ಕಂಪ್ಯೂಟರ್‌ಗಳಿದ್ದರೆ ಮೊದಲು ಒಂದಕ್ಕೆ ಹಾಕಿ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಎಲ್ಲ ಕೆಲಸ ಮಾಡುತ್ತವೆಯೇ ನೋಡಿ. ಒಂದೆರಡು ದಿನ ಬಿಟ್ಟು ಉಳಿದವಕ್ಕೆ ಹಾಕಿ.

ಮೈಕ್ರೋಸಾಫ್ಟಿನ ಪ್ಯಾಚ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮ ಲೆಕ್ಕದಲ್ಲಿ ರಾತ್ರಿ. ಅಂದರೆ ಬುಧವಾರ ಬೆಳಿಗ್ಗೆ ಕಾದಿರುತ್ತದೆ. ತಿಂಗಳ ಕೊನೆಗೆ 'ಪ್ರಿವ್ಯೂ' ಎಂದು ಬರುವುದನ್ನು ಬಿಟ್ಟರೂ ನಡೆಯುತ್ತದೆ. ಐಟಿ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಯಾವುದನ್ನೂ ಹಾಕಬೇಡಿ. ಅಕ್ಟೋಬರ್ ಸಂಜೆಯ ಗುಡುಗುಮಳೆಗೆ ನಮ್ಮ ಕಡೆ ಕರೆಂಟು ಹೋಗುವುದು ಇದ್ದದ್ದೇ. ಅಪ್‌ಡೇಟ್ ಅರ್ಧದಲ್ಲಿ ನಿಂತರೆ ಕಂಪ್ಯೂಟರ್ ಆನ್ ಆಗದೆ ಹೋಗಬಹುದು, ಯುಪಿಎಸ್ ಇಲ್ಲದಿದ್ದರೆ ಬೆಳಗಿನ ಹೊತ್ತಿಗೆ ಹಾಕಿ. ದೊಡ್ಡದಕ್ಕೆ ಮೊದಲು ಬ್ಯಾಕಪ್ ಬೇಕೇ ಬೇಕು.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸದ ಕಂಪ್ಯೂಟರಿಗೆ ಪ್ಯಾಚ್ ಬರುವುದಿಲ್ಲ. ಅಂಥದ್ದರಲ್ಲಿ ಬ್ಯಾಂಕಿನ ಕೆಲಸ ಮಾಡುತ್ತಿದ್ದರೆ ಹೊಸ ವಿಂಡೋಸ್‌ಗೋ ಲಿನಕ್ಸ್‌ಗೋ ಈ ವಾರವೇ ಹೋಗಿ.