ಧೂಪವಿದೆ, ಮೇರಿ ಮಾತೆ ಇದ್ದಾಳೆ, ಆದರೂ ಕ್ಯಾಥೊಲಿಕ್ ಅಲ್ಲವೇ?

ಪ್ರಶ್ನೆ: ಲಂಡನ್ನಿನ ಮಾರ್ಗರೆಟ್ ಸ್ಟ್ರೀಟಿನ ಆಲ್ ಸೇಂಟ್ಸ್ ಚರ್ಚಿಗೆ ಹೋಗಿದ್ದೆವು. ಧೂಪ, ಗಂಟೆ, ಮೇರಿಯ ಪ್ರತಿಮೆ ಎಲ್ಲವೂ ಇದ್ದವು. ಫಲಕದಲ್ಲಿ ಮಾತ್ರ ‘ಚರ್ಚ್ ಆಫ್ ಇಂಗ್ಲೆಂಡ್’ ಎಂದಿತ್ತು. ಜೊತೆಗಿದ್ದ ಕ್ಯಾಥೊಲಿಕ್ ಗೆಳತಿ ಭಾನುವಾರ ತಪ್ಪದೆ ಬಲಿಪೂಜೆಗೆ (ಮಾಸ್) ಹೋಗಬೇಕು. ಅದಕ್ಕೆ ಅಲ್ಲಿನ ಬಲಿಪೂಜೆ ಸಲ್ಲುತ್ತದೆಯೇ?

ಉತ್ತರ: ಫಲಕ ಸುಳ್ಳು ಹೇಳಿಲ್ಲ. ಅದು ಲಂಡನ್ನಿನ ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ, ಬಿಷಪ್ಪರ ಅಧೀನದ ಚರ್ಚು. ಪೋಪರಿಗೂ ಅದಕ್ಕೂ ಆಡಳಿತದ ನಂಟಿಲ್ಲ. ಪಾದ್ರಿಗಳು ಮದುವೆಯಾಗಬಹುದು.

ಹಾಗಾದರೆ ಧೂಪವೇಕೆ? 1833ರಲ್ಲಿ ಆಕ್ಸ್‌ಫರ್ಡ್‌ನ ಕೆಲವು ವಿದ್ವಾಂಸರು ಒಂದು ಹಟ ಹಿಡಿದರು: ನಾವು ರೋಮ್‌ನಿಂದ ಬೇರೆಯಾದರೂ ಪುರಾತನ ಕ್ರೈಸ್ತ ಸಭೆಯ ವಾರಸುದಾರರೇ. ಅವರಲ್ಲೊಬ್ಬರಾದ ಎಡ್ವರ್ಡ್ ಪ್ಯೂಸಿ 1850ರ ಸಕಲ ಸಂತರ ಹಬ್ಬದ ದಿನ ಈ ಚರ್ಚಿನ ಅಡಿಗಲ್ಲು ಇಟ್ಟರು. ಆ ಹಟ ಮುಂದೆ ಪೂಜೆಗೂ ಇಳಿಯಿತು. ಇಂದು ಹಾಡಿನ ಬಲಿಪೂಜೆಯಲ್ಲಿ ಸರಪಳಿಗೆ ಕಟ್ಟಿದ ಧೂಪದ ಪಾತ್ರೆ ಮೊದಲು ಬಲಿಪೀಠಕ್ಕೆ, ಆಮೇಲೆ ಸುವಾರ್ತೆಯ ಪುಸ್ತಕಕ್ಕೆ, ಕೊನೆಗೆ ನೆರೆದವರತ್ತಲೂ ತೂಗುತ್ತದೆ. ಇಂಥದ್ದನ್ನು ಅಡಗಿಸಲೆಂದೇ ಸಂಸತ್ತು 1874ರಲ್ಲಿ ಕಾಯ್ದೆ ತಂದಿತು. ಐವರು ಆಂಗ್ಲಿಕನ್ ಪಾದ್ರಿಗಳು ಜೈಲು ಕಂಡರು. ಮೋಂಬತ್ತಿ, ಉಡುಪುಗಳ ವಿಷಯಕ್ಕೆ ಜೈಲು! ಕಾಯ್ದೆಯ ಮಾನ ಹೋದದ್ದೂ ಅಲ್ಲಿಯೇ.

ಕಟ್ಟಡವೂ ಇದೇ ವಾದವನ್ನು ಮಾಡುತ್ತದೆ. ಹಳ್ಳಿಯ ಚರ್ಚಿಗೆ ಹುಲ್ಲುಹಾಸಿನ ಅಂಗಳವಿರುತ್ತದೆ. ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್‌ಗೆ ಸಿಕ್ಕಿದ್ದು ಮನೆಗಳ ನಡುವಿನ ಇಕ್ಕಟ್ಟಿನ ಜಾಗ. ಅದರಲ್ಲೇ ಪುಟ್ಟ ಅಂಗಳ, ಪಾದ್ರಿಗಳ ಮನೆ, ಗಾಯಕ ಬಾಲಕರ ಶಾಲೆ (1968ರಲ್ಲಿ ಮುಚ್ಚಿತು), ಮೇಲೆ 227 ಅಡಿಯ ಶಿಖರ. ಗೋಥಿಕ್ (ಚೂಪು ಕಮಾನಿನ ಮಧ್ಯಯುಗದ ಚರ್ಚ್ ಶೈಲಿ) ಎಂದರೆ ಕಲ್ಲು ಎನ್ನುತ್ತಿದ್ದ ಕಾಲದಲ್ಲಿ ಕೆಂಪು ಇಟ್ಟಿಗೆಗೆ ಕಪ್ಪು ಪಟ್ಟಿ ಹಾಕಿದರು. ಬಣ್ಣ ಬಳಿದದ್ದಲ್ಲ, ಗೋಡೆಯ ಮೈಯೇ ಬಣ್ಣದ್ದು.

ಒಳಗೆ ಹೋದವರು ಪೂರ್ವದ ಗೋಡೆಯನ್ನು ನೋಡಲೇಬೇಕು. ಸಾಮಾನ್ಯವಾಗಿ ಬಲಿಪೀಠದ ಹಿಂದೆ ದೊಡ್ಡ ಬಣ್ಣದ ಗಾಜಿನ ಕಿಟಕಿ ಇರುತ್ತದೆ. ಇಲ್ಲಿ ಕಿಟಕಿಯೇ ಇಲ್ಲ. ಚಿನ್ನದ ಹಿನ್ನೆಲೆಯ ಚಿತ್ರಫಲಕಗಳು ಮೇಲುಮೇಲಕ್ಕೆ ಗೋಡೆ ತುಂಬಿವೆ. ಉತ್ತರದ ಗೋಡೆಯೂ ಹಾಗೆಯೇ, ಚಿತ್ರದ ಹೆಂಚುಗಳಿಂದ ಮುಚ್ಚಿದೆ. ಬಟರ್‌ಫೀಲ್ಡ್ ಕತ್ತಲೆಗೆ ಹೆದರಲಿಲ್ಲ ಎನ್ನುವುದು ನನಗೆ ಅವರ ದೊಡ್ಡ ಗುಣವಾಗಿ ಕಾಣುತ್ತದೆ. ಕೆಲವರಿಗೆ ಆ ಒಳಾಂಗಣ ಉಸಿರುಗಟ್ಟಿಸುತ್ತದೆ, ಅವರನ್ನೂ ದೂರಲಾರೆ.

ನಮ್ಮ ಕಡೆಯವರಿಗೆ ಗೊಂದಲವಾಗಲು ಕಾರಣವಿದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೂಡ ಆಂಗ್ಲಿಕನ್ ಚರ್ಚಾಗಿತ್ತು, ಈಗ ಸಿಎಸ್‌ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದೆ. 1947ರಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮೊದಲಾದವರು ಕೂಡಿ ಸಿಎಸ್‌ಐ ಆದಾಗ, ಬಿಷಪ್ಪರಿಂದ ದೀಕ್ಷೆ ಪಡೆಯದವರನ್ನೂ ಪಾದ್ರಿಗಳೆಂದು ಒಪ್ಪಿದರಲ್ಲ ಎಂದು ಇಂಗ್ಲೆಂಡಿನಲ್ಲಿ ಗಟ್ಟಿಯಾಗಿ ಆಕ್ಷೇಪಿಸಿದವರು ಇದೇ ಧೂಪದ ಪಂಗಡದವರು.

ಆ ದೀಕ್ಷೆಯ ಮಾತೇ ನಿಮ್ಮ ಗೆಳತಿಗೂ ಉತ್ತರ. ಆಂಗ್ಲಿಕನ್ ದೀಕ್ಷೆ ಸಿಂಧುವಲ್ಲ ಎಂದು 1896ರಲ್ಲಿ ಹದಿಮೂರನೆಯ ಲಿಯೋ ಪೋಪರು ಸಾರಿದರು. ರೋಮ್ ಅದನ್ನು ಹಿಂತೆಗೆದುಕೊಂಡಿಲ್ಲ. ದೀಕ್ಷೆ ಸಿಂಧುವಲ್ಲದಿದ್ದರೆ ಆ ಪಾದ್ರಿಯ ಬಲಿಪೂಜೆಯೂ ರೋಮ್‌ನ ಲೆಕ್ಕಕ್ಕೆ ಬಾರದು, ಹಾಗಾಗಿ ಸಲ್ಲುವುದಿಲ್ಲ. ಹಾಡು ಕೇಳಲು ಆಲ್ ಸೇಂಟ್ಸ್‌ಗೆ ಹೋಗಲಿ, ಬಲಿಪೂಜೆಗೆ ಸ್ಪ್ಯಾನಿಷ್ ಪ್ಲೇಸ್‌ನ ಕ್ಯಾಥೊಲಿಕ್ ಚರ್ಚು ಸೇಂಟ್ ಜೇಮ್ಸ್‌ಗೆ ಹೋಗಲಿ. ನಡೆದೇ ಹೋಗಬಹುದಾದಷ್ಟು ಹತ್ತಿರ.