ಬೆಲೆಯೂ ಏರಿತು, ಕೆಲಸವೂ ಹೋಯಿತು: ಯಾಕೆ ಹೀಗೆ?

ಕೊಳೆರೋಗಕ್ಕೆ ತೀರ್ಥಹಳ್ಳಿ, ಹೊಸನಗರದ ತೋಟಗಳಲ್ಲಿ ಅಡಿಕೆ ಉದುರಿದರೆ ಧಾರಣೆ ಏರಬಹುದು. ಆದರೆ ಅದು ಒಂದು ಬೆಳೆಯ ವಿಷಯ. ಡೀಸೆಲ್, ಕರೆಂಟು, ಕೂಲಿ ಹಾಗಲ್ಲ. ಅವು ಎಲ್ಲ ಸರಕಿನಲ್ಲೂ ಸೇರಿಕೊಂಡಿವೆ. ಅವುಗಳ ಖರ್ಚು ಒಮ್ಮೆಲೇ ಏರಿದರೆ ಇಡೀ ದೇಶದ ಉತ್ಪಾದನೆಗೇ ಪೆಟ್ಟು. ಒಟ್ಟು ಪೂರೈಕೆ ಕುಗ್ಗುವುದು ಅಂದರೆ ಇದೇ.

ಸಣ್ಣ ಕಾರ್ಖಾನೆಗಳ ವೆಚ್ಚದ ಲೆಕ್ಕ ನೋಡುವುದು ನನ್ನ ಕೆಲಸ. ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯ ಒಂದು ಫೌಂಡ್ರಿಯನ್ನೇ (ಎರಕದ ಕಾರ್ಖಾನೆ) ತಗೊಳ್ಳಿ. ಕರೆಂಟಿನ ಕುಲುಮೆಯಲ್ಲಿ (ಇಂಡಕ್ಷನ್ ಫರ್ನೇಸ್) ಒಂದು ಟನ್ ಕಬ್ಬಿಣ ಕರಗಿಸಲು ಹೆಚ್ಚುಕಮ್ಮಿ 600 ಯೂನಿಟ್ ಬೇಕು. ಯೂನಿಟ್ಟಿಗೆ 1 ರೂಪಾಯಿ ಏರಿದರೆ ಕರಗಿಸುವುದಕ್ಕೇ 600 ರೂಪಾಯಿ ಜಾಸ್ತಿ. ಸ್ಕ್ರ್ಯಾಪ್ ತರುವ ಲಾರಿ ಬಾಡಿಗೆ ಬೇರೆ. ಮಾಲೀಕರು ರೇಟು ಏರಿಸುತ್ತಾರೆ, ಆದರೆ ಪೂರ್ತಿ ಏರಿಸಲು ಗಿರಾಕಿ ಬಿಡುವುದಿಲ್ಲ. ಮೊದಲು ನಿಲ್ಲುವುದು ರಾತ್ರಿ ಪಾಳಿ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಹೋಗುತ್ತದೆ. ಆಮೇಲೆ ಗುತ್ತಿಗೆ ಹುಡುಗರನ್ನು ಮನೆಗೆ ಕಳಿಸುತ್ತಾರೆ. ಬೇಡಿಕೆ ಹೆಚ್ಚಿ ಬೆಲೆ ಏರಿದ್ದರೆ ಇದೇ ಫೌಂಡ್ರಿ ಇನ್ನೊಂದು ಪಾಳಿ ಶುರುಮಾಡುತ್ತಿತ್ತು. ಎರಡೂ ಬೆಲೆ ಏರಿಕೆಯೇ, ಆದರೆ ಕೆಲಸಗಾರರ ಪಾಲಿಗೆ ಪೂರಾ ಉಲ್ಟಾ.

ಮಳೆಯೂ ಇದೇ ಲೆಕ್ಕದೊಳಗೆ ಬರುತ್ತದೆ. ಲಿಂಗನಮಕ್ಕಿ ಜಲಾಶಯ ತುಂಬದಿದ್ದರೆ ಶರಾವತಿಯ ಅಗ್ಗದ ವಿದ್ಯುತ್ ಕಮ್ಮಿಯಾಗಿ, ರಾಜ್ಯ ದುಬಾರಿ ಕರೆಂಟು ಕೊಳ್ಳಬೇಕಾಗುತ್ತದೆ.

ದೊಡ್ಡ ಮಟ್ಟದಲ್ಲಿ 1973 ನೋಡಿ. ಅರಬ್ ದೇಶಗಳು ತೈಲ ತಡೆದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ಮೊದಲೇ ಬರದಿಂದ ಬಳಲಿದ್ದ ನಮ್ಮಲ್ಲಿ 1974ರ ಸಗಟು ಬೆಲೆ ಏರಿಕೆ ಶೇ 20 ದಾಟಿತು. ಖರ್ಚು ಇಳಿದರೆ ಪೂರೈಕೆ ಹಿಗ್ಗುವುದೂ ಉಂಟು. 2014ರ ಮಧ್ಯದಲ್ಲಿ 100 ಡಾಲರ್ ಮೇಲಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಹೊಸ ಯಂತ್ರ, ಒಳ್ಳೆ ರಸ್ತೆ, ಕಲಿತ ಕೈಗಳು ಮಾಡುವುದೂ ಇದನ್ನೇ, ಸ್ವಲ್ಪ ನಿಧಾನವಾಗಿ.

ಬಡ್ಡಿ ಏರಿಸಿದರೆ ಡೀಸೆಲ್ ಅಗ್ಗವಾಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಗುವುದಿಲ್ಲ. ಆದರೆ ಬೆಲೆ ಏರುತ್ತಲೇ ಇರುತ್ತದೆ ಅಂತ ಎಲ್ಲರೂ ನಂಬಿಬಿಟ್ಟರೆ ಕೂಲಿ, ಬಾಡಿಗೆ, ರೇಟು ಎಲ್ಲ ಮುಂಚೆಯೇ ಏರುತ್ತವೆ. ಪೂರೈಕೆ ಇನ್ನೊಂದು ಸುತ್ತು ಕುಗ್ಗುತ್ತದೆ. ಅದನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕ್ 2022ರ ಮೇನಲ್ಲಿ ಶೇ 4 ಇದ್ದ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) 2023ರ ಫೆಬ್ರವರಿಗೆ 6.5ಕ್ಕೆ ಏರಿಸಿತು. ಇದರ ಬಿಸಿ ಸಣ್ಣ ಫೌಂಡ್ರಿಗೆ ಎರಡನೇ ಸಲ ತಟ್ಟುತ್ತದೆ, ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ಖರ್ಚಿಗೆ ತಂದ ಸಾಲದ ಮೇಲೆ. 2022ರ ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಸುಂಕವನ್ನು ಲೀಟರಿಗೆ 6 ರೂಪಾಯಿ ಇಳಿಸಿತು. ಖರ್ಚು ಏರಿದ ಜಾಗಕ್ಕೇ ಕೈಹಾಕಿದ ಕ್ರಮ ಅದು. ಇಂಥ ಹೊತ್ತಿನಲ್ಲಿ ಅದೇ ಮೊದಲು ಆಗಬೇಕು ಅನ್ನುವುದು ನನ್ನ ಅಭಿಪ್ರಾಯ.