ಮೂಲ ಆಕಾರವನ್ನೇ ಕಾಣದ ಕಲ್ಲಿನ ವಿರೂಪವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಕಾರ್ಕಳದ ಕಡೆಯ ಕಲ್ಲುಕೋರೆಯೊಂದರಲ್ಲಿ ಕಪ್ಪು-ಬಿಳಿ ಪಟ್ಟೆಗಳು ಬಾಗಿ, ಜಗ್ಗಿ ಎಳೆದಂತಿರುವ ಬಂಡೆಯನ್ನು ಕಂಡೆ. ಕೋಟ್ಯಂತರ ವರ್ಷಗಳ ಹಿಂದೆ ಅದು ಹೇಗಿತ್ತೆಂದು ಯಾರೂ ನೋಡಿಲ್ಲ. ಹಾಗಿರುವಾಗ ಅದು ಎಷ್ಟು ವಿರೂಪಗೊಂಡಿದೆಯೆಂದು ಹೇಳುವುದು ಹೇಗೆ?

ಉತ್ತರ: ಕರಾವಳಿಯ ಮುರಕಲ್ಲಿನ ಅಡಿಯಲ್ಲಿರುವ, ಆಳದ ಬಿಸಿ-ಒತ್ತಡಗಳಲ್ಲಿ ಮಾರ್ಪಟ್ಟ ನೈಸ್ ಶಿಲೆಯಲ್ಲಿ ಪಟ್ಟೆಗಳು ಸಾಮಾನ್ಯ, ಪಟ್ಟೆ ಕಂಡಲ್ಲೆಲ್ಲ ಶಿಯರ್ ವಲಯವಿದೆ ಎಂದುಕೊಳ್ಳಬಾರದು. ಎರಡು ಶಿಲಾಖಂಡಗಳು ಅಕ್ಕಪಕ್ಕದಲ್ಲೇ ವಿರುದ್ಧ ದಿಕ್ಕುಗಳಿಗೆ ಸರಿಯುವಾಗ, ಭೂಮಿಯ ಆಳದ ಬಿಸಿಯಲ್ಲಿ ಒಡೆಯದೆ, ಕರಗದೆ, ಘನಸ್ಥಿತಿಯಲ್ಲಿಯೇ ಹರಿದ ನಡುವಣ ಪಟ್ಟಿಯೇ ಶಿಯರ್ ವಲಯ. ನಮಗೆ ಹತ್ತಿರದ್ದು ಸುಳ್ಯದ ಆಚೆ, ಮಡಿಕೇರಿಯ ಹೆಸರಿನದು. ಉತ್ತರದಲ್ಲಿ ಕುಮಟಾದ್ದು, ಘಟ್ಟದ ಮೇಲೆ ಚಿತ್ರದುರ್ಗದ್ದು.

ಅಳೆಯುವ ಮೊದಲು ಯಾವ ಮುಖವನ್ನು ನೋಡಬೇಕೆಂಬುದು ನಿಶ್ಚಯವಾಗಬೇಕು. ಪತ್ರೊಡೆಯ ಸುರುಳಿಯನ್ನು ಅಡ್ಡ ಕೊಯ್ದರೆ ಸುತ್ತುಗಳೂ ಉದ್ದಕ್ಕೆ ಕೊಯ್ದರೆ ಗೆರೆಗಳೂ ಕಾಣುವಂತೆ, ಒಂದೇ ಕಲ್ಲು ಬೇರೆ ಬೇರೆ ಮುಖಗಳಲ್ಲಿ ಬೇರೆ ಬೇರೆ ವಿರೂಪವನ್ನು ತೋರಿಸುತ್ತದೆ. ಆದ್ದರಿಂದ ಪದರಿಕೆಗೆ, ಎಂದರೆ ವಿರೂಪದಿಂದ ಖನಿಜಗಳು ಒಂದೇ ಕಡೆಗೆ ಒರಗಿ ಮೂಡಿದ ಪದರಗಳಿಗೆ, ಲಂಬವಾಗಿ, ಖನಿಜಗಳು ಎಳೆದುಕೊಂಡ ದಿಕ್ಕಿಗೆ ಸಮಾಂತರವಾಗಿ ಇರುವ ಮುಖವನ್ನೇ ಆರಿಸುತ್ತಾರೆ.

ಮೊದಲಿನ ಆಕಾರವನ್ನು ಊಹಿಸಬಹುದಾದ ವಸ್ತು ಕಲ್ಲಿನೊಳಗಿದ್ದರೆ ದಾರಿ ಸುಲಭ. ಹಳೆಯ ಹೊಳೆಯ ಗುಂಡುಕಲ್ಲುಗಳು ಅಂಟಿ ಗಟ್ಟಿಯಾದ ಕಾಂಗ್ಲಾಮರೇಟ್ ಶಿಲೆಯಲ್ಲಿ ನೂರಾರು ಕಲ್ಲುಗಳ ಉದ್ದ, ಅಗಲ, ವಾಲಿದ ದಿಕ್ಕುಗಳನ್ನು ಅಳೆಯುತ್ತಾರೆ. ಅವು ಮೊದಲೇ ಪೂರ್ತಿ ಉರುಟಾಗಿರಲಿಲ್ಲವೆಂಬುದನ್ನೂ ಈ ಲೆಕ್ಕ ಗಮನಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಗುಂಡುಕಲ್ಲು ಸುತ್ತಲಿನ ಶಿಲೆಗಿಂತ ಗಟ್ಟಿಯಾಗಿದ್ದರೆ ಕಡಿಮೆ ಜಗ್ಗುತ್ತದೆ, ಆಗ ಸಿಗುವ ಅಂಕಿ ಇಡೀ ಶಿಲೆಯ ವಿರೂಪಕ್ಕಿಂತ ಚಿಕ್ಕದಾಗಿರುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇನ್ನೊಂದು ವಿಧಾನದಲ್ಲಿದೆ. ಇದನ್ನು 1970ರಲ್ಲಿ ಭೂವಿಜ್ಞಾನಿಗಳಾದ ರ‍್ಯಾಮ್ಸೇ ಮತ್ತು ಗ್ರಹಾಂ ವಿವರಿಸಿದರು. ಶಿಯರ್ ಆಗುವಾಗಲೇ ಹೊಸ ಪದರಿಕೆ ಹುಟ್ಟುವುದರಿಂದ ಇಲ್ಲಿ ಹಳೆಯ ಆಕಾರವೇ ಬೇಕಾಗುವುದಿಲ್ಲ. ಪದರಿಕೆಯು ವಲಯದ ಅಂಚಿಗೆ 45 ಡಿಗ್ರಿ ಓರೆಯಾಗಿ ಮೊದಲಾಗಿ, ವಿರೂಪ ಹೆಚ್ಚಿದಂತೆ ಅಂಚಿನ ದಿಕ್ಕಿಗೆ ಮಲಗುತ್ತಾ ಹೋಗುತ್ತದೆ. ಆ ಕೋನವನ್ನು ಇಮ್ಮಡಿಸಿ, ಅದರ ಟ್ಯಾಂಜೆಂಟ್ ಬೆಲೆಯಿಂದ 2ನ್ನು ಭಾಗಿಸಿದರೆ ಶಿಯರ್ ಪ್ರಮಾಣ ಸಿಗುತ್ತದೆ. ಕೋನ 22.5 ಡಿಗ್ರಿಯಾದರೆ ಉತ್ತರ 2. ಎಂದರೆ, ಆ ಪ್ರಮಾಣವಿರುವ 1 ಮೀಟರ್ ದಪ್ಪದ ಪಟ್ಟಿಯ ಒಂದು ಅಂಚು ಇನ್ನೊಂದಕ್ಕಿಂತ 2 ಮೀಟರ್ ಸರಿದಿದೆ. ಅಂಚಿನಿಂದ ಅಂಚಿಗೆ ಹೀಗೆ ಅಳೆಯುತ್ತಾ ಹೋಗಿ ಎಲ್ಲವನ್ನೂ ಕೂಡಿಸಿದರೆ ಒಟ್ಟು ಸರಿದ ದೂರ ತಿಳಿಯುತ್ತದೆ. ಒಂದು ಕೋನಮಾಪಕದಿಂದ ಇಷ್ಟು ದೊರೆಯುತ್ತದೆಂಬುದು ನನಗೆ ಇಂದಿಗೂ ಸೋಜಿಗ.

ಆದರೆ ಕಲ್ಲಿನ ಗಾತ್ರ ಬದಲಾಗಿರಬಾರದು, ಅಂಚುಗಳು ಒಂದನ್ನೊಂದು ಅದುಮಿರಬಾರದು. ಅದುಮಿದ್ದರೆ ಲೆಕ್ಕ ತಪ್ಪುತ್ತದೆ. ವಲಯದ ನಡುವೆ ಕೋನ ತೀರಾ ಕಿರಿದಾದಾಗ ಎಚ್ಚರ ಇನ್ನೂ ಹೆಚ್ಚು ಬೇಕು: 5 ಡಿಗ್ರಿಗೆ ಸುಮಾರು 11 ಎಂದು ಬರುವ ಉತ್ತರ 4 ಡಿಗ್ರಿಗೆ 14 ದಾಟುತ್ತದೆ.

ನೀವು ಕಂಡ ಬಂಡೆಯಲ್ಲಿ ವಲಯದ ಅಂಚೂ ಗುಂಡುಕಲ್ಲಿನಂಥ ಗುರುತೂ ಇಲ್ಲದಿದ್ದರೆ ಪಟ್ಟೆಗಳನ್ನಷ್ಟೇ ನೋಡಿ ಅಂಕಿ ಹೇಳಲಾಗದು. ಅದು ನಿಜವಾಗಿ ಶಿಯರ್ ಆದ ಕಲ್ಲಾಗಿದ್ದರೆ, ಫೆಲ್ಡ್‌ಸ್ಪಾರ್ ಎಂಬ ಖನಿಜದ ಕಣಗಳ ಎರಡೂ ಬದಿಗೆ ಎಳೆದುಕೊಂಡ ಬಾಲಗಳು ಯಾವ ಕಡೆಗೆ ಓರೆಯಾಗಿವೆಯೆಂಬುದನ್ನು ಗಮನಿಸಿ. ಯಾವ ಬದಿ ಯಾವ ಕಡೆಗೆ ಸರಿಯಿತೆಂಬುದನ್ನಾದರೂ ಅವು ಹೇಳಬಲ್ಲವು.